ಮೇ ಐ ಕಮಿನ್ ಸರ್

ನಮ್ಮ ಹೈಸ್ಕೂಲಿನ ಮಕ್ಕಳು ತಪ್ಪಿಲ್ಲದೆ, ತಡವರಿಸದೆ ಆಡುವ ಇಂಗ್ಲಿಷ್ ವಾಕ್ಯಗಳು ಕೆಲವೇ ಕೆಲವು. ‘ಮೇ ಐ ಕಮಿನ್ ಸರ್.’ ‘ಮೇ ಐ ಗೋ ಔಟ್ ಸರ್.’ ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸರ್.’ ಬೆಳಿಗ್ಗೆ ಎಲ್ಲರೂ ಎದ್ದು ನಿಂತು ರಾಗವಾಗಿ ಎಳೆಯುವ ‘ಗುಡ್ ಮಾ...ರ್ನಿಂಗ್ ಸರ್.’ ಇವುಗಳಲ್ಲಿ ಒಂದು ಶಬ್ದ ಆಚೀಚೆ ಆಗುವುದಿಲ್ಲ. ಪ್ರಶ್ನೆ ಕೇಳುವಾಗ ‘ಮೇ’ ಮೊದಲು ಬರಬೇಕು, ‘ಐ’ ಆಮೇಲೆ ಬರಬೇಕು ಎಂದು ಯಾರೂ ಅವರಿಗೆ ಹೇಳಿಕೊಟ್ಟದ್ದಿಲ್ಲ. ಅದೇ ಮಕ್ಕಳಿಗೆ ವ್ಯಾಕರಣದ ಪಿರಿಯಡ್ಡಿನಲ್ಲಿ ಒಂದು ವಾಕ್ಯ ಕೊಟ್ಟು ‘ಇದನ್ನ ಪ್ರಶ್ನೆ ಮಾಡ್ರಿ’ ಅಂದರೆ ಅರ್ಧ ಕ್ಲಾಸು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಕಡಿಯಲು ತೊಡಗುತ್ತದೆ.

ಹಾವೇರಿ ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು ಈ ವ್ಯತ್ಯಾಸ ಬಹಳ ಕಾಲದಿಂದ ಕಾಡುತ್ತಿದೆ. ದಿನಾ ಹೇಳಿ ಹೇಳಿ ರೂಢಿಯಾಗಿದೆ ಅನ್ನುವುದು ಸುಲಭದ ಉತ್ತರ. ಆದರೆ ಪದ್ಯಗಳನ್ನೂ ದಿನಾ ಹೇಳಿಸುತ್ತೇವೆ, ಕಾಲಗಳ ಪಟ್ಟಿಯನ್ನೂ ಹೇಳಿಸುತ್ತೇವೆ. ಅವು ಹೀಗೆ ಮೈಗೆ ಹತ್ತುವುದಿಲ್ಲ. ಬಾಗಿಲಲ್ಲಿ ನಿಂತವನಿಗೆ ಒಳಗೆ ಬರಲೇಬೇಕಾಗಿದೆ, ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಮಾತು ಆಡಿದ ಕೂಡಲೇ ಆ ಮನುಷ್ಯ ಕತ್ತು ಆಡಿಸುತ್ತಾನೆ, ಹುಡುಗ ಒಳಗೆ ಬರುತ್ತಾನೆ. ಮಾತಿನಿಂದ ಏನೋ ಒಂದು ನಡೆಯಿತು. ವಾರವಿಡೀ ನಾವು ಬಾಯಿಪಾಠ ಮಾಡಿಸುವ ಉಳಿದ ಇಂಗ್ಲಿಷಿನಿಂದ ಏನೂ ನಡೆಯುವುದಿಲ್ಲ.

ಆದರೆ ಆ ಜೀವವಿರುವ ವಾಕ್ಯಗಳನ್ನು ಸಾಲಾಗಿ ಇಟ್ಟು ನೋಡಿ. ಒಳಗೆ ಬರಲು ಅಪ್ಪಣೆ, ಹೊರಗೆ ಹೋಗಲು ಅಪ್ಪಣೆ, ಇದ್ದೇನೆಂಬ ವರದಿ, ದೊಡ್ಡವರು ಬಂದರೆ ನಮಸ್ಕಾರ. ನಾಲ್ಕೂ ಕೆಳಗಿನಿಂದ ಮೇಲಕ್ಕೆ ಹೋಗುವ ಮಾತುಗಳು. ಗೆಳೆಯ ಗೆಳೆಯನಿಗೆ, ಅಕ್ಕ ತಂಗಿಗೆ ಆಡುವಂಥದು ಒಂದೂ ಇಲ್ಲ. ಇನ್ನು ಇಂಗ್ಲಿಷ್ ನಮ್ಮೂರಿಗೆ ಬರುವುದು ಮೇಲಿನಿಂದ ಕೆಳಕ್ಕೆ: ಮಾತ್ರೆಯ ಪಟ್ಟಿಯ ಹಿಂದೆ, ಬೆಳೆಗೆ ಎಣ್ಣೆ ಹೊಡೆಯುವ ಬಾಟಲಿಯ ಮೇಲೆ, ಬ್ಯಾಂಕಿನ ಮೆಸೇಜಿನಲ್ಲಿ, ‘ನಾಟ್ ರೀಚೆಬಲ್’ ಎಂದು ಫೋನಿನೊಳಗಿಂದ ಹೇಳುವ ಹೆಣ್ಣುದನಿಯಲ್ಲಿ. ಇವು ಯಾವುವೂ ನಮ್ಮ ಉತ್ತರಕ್ಕೆ ಕಾಯುವುದಿಲ್ಲ. ಊರಿನ ಸ್ಥಿತಿವಂತರ ಮನೆಯಲ್ಲಿ ಸಾಕಿದ ನಾಯಿಯೊಂದೇ ಇದಕ್ಕೆ ಸ್ವಲ್ಪ ಹೊರತು. ಅದಕ್ಕೆ ‘ಕಮ್’, ‘ಸಿಟ್’, ‘ಗೋ’ ಎಂದೇ ಹೇಳಬೇಕು. ಜೀವಮಾನದಲ್ಲಿ ಇಂಗ್ಲಿಷಿನ ಗೊಡವೆಗೆ ಹೋಗದ ಹಿರಿಯರೂ ನಾಯಿಯ ಜೊತೆ ಇಂಗ್ಲಿಷಿನಲ್ಲೇ ವ್ಯವಹಾರ ಮಾಡುತ್ತಾರೆ. ಮೇಲಿನವರಿಗೆ ಬೇಡಿಕೆ, ನಾಯಿಗೆ ಆಜ್ಞೆ. ಸರೀಕರಿಗೆ ಏನೂ ಇಲ್ಲ.

ಈ ದಿಕ್ಕು ಇವತ್ತು ನಿನ್ನೆಯದಲ್ಲ. ನಮ್ಮವರಿಗೆ ಪಾಶ್ಚಾತ್ಯ ವಿದ್ಯೆ ಬೇಕು, ಇನ್ನೊಂದು ಸಂಸ್ಕೃತ ಪಾಠಶಾಲೆ ಬೇಡ ಎಂದು ರಾಜಾರಾಮಮೋಹನ ರಾಯರು 1823ರಲ್ಲಿ ಗವರ್ನರ್ ಜನರಲ್ ಆಮ್ಹರ್ಸ್ಟರಿಗೆ ಬರೆದದ್ದು ಇಂಗ್ಲಿಷಿನ ಒಂದು ವಿನಯದ ಪತ್ರ. ಬೇಡಿದ್ದು ದೊಡ್ಡದನ್ನೇ, ಆದರೆ ಬೇಡಿದ್ದು ಅರ್ಜಿಯ ರೂಪದಲ್ಲಿ. 1835ರಲ್ಲಿ ಮೆಕಾಲೆ ಇಲ್ಲಿನ ಶಿಕ್ಷಣದ ಬಗ್ಗೆ ತನ್ನ ಟಿಪ್ಪಣಿ ಬರೆದಾಗ ಅವನಿಗೆ ಬೇಕಾದದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಂತು ದುಭಾಷಿಗಳಾಗುವ ಒಂದು ವರ್ಗ. ದುಭಾಷಿ ನಿಂತಿರುವುದು ಏಣಿಯ ನಡುವಿನ ಮೆಟ್ಟಿಲಲ್ಲಿ. ಅವನ ಇಂಗ್ಲಿಷ್ ಮೇಲಕ್ಕೆ, ಅವನ ದೇಶಭಾಷೆ ಕೆಳಕ್ಕೆ. ಪಕ್ಕಕ್ಕೆ ತಿರುಗಿ ಮಾತಾಡುವ ಪ್ರಸಂಗವೇ ಆ ಯೋಜನೆಯಲ್ಲಿ ಇರಲಿಲ್ಲ. ಮೆಕಾಲೆಯನ್ನು ಬೈದು ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಅವನು ಹೋಗಿ ಬಹಳ ಕಾಲವಾಯಿತು, ಬಾಗಿಲಲ್ಲಿ ನಿಂತ ಹುಡುಗ ಮಾತ್ರ ಹಾಗೇ ನಿಂತಿದ್ದಾನೆ.

ವಾರ ಹೇಗೆ ಕಳೆಯುತ್ತದೆ ಎಂದು ಹೇಳಿಬಿಡುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ. ಸೋಮವಾರ ಡಿಕ್ಟೇಶನ್. ಆಮೇಲೆ ಒಬ್ಬೊಬ್ಬರೇ ಎದ್ದು ಪಾಠ ಓದುವುದು. ಓದುವ ಪುಸ್ತಕದಲ್ಲಿ ಕಷ್ಟದ ಶಬ್ದಗಳ ನೆತ್ತಿಯ ಮೇಲೆ ಪೆನ್ಸಿಲ್ಲಿನಿಂದ ಕನ್ನಡ ಅಕ್ಷರಗಳಲ್ಲಿ ಉಚ್ಚಾರ ಬರೆದುಕೊಂಡಿರುತ್ತಾರೆ. ಕಣ್ಣು ಕನ್ನಡ ಓದುತ್ತದೆ, ಬಾಯಿ ಇಂಗ್ಲಿಷ್ ಹೇಳುತ್ತದೆ. ನಡುವೆ ಎರಡು ದಿನ ಪ್ರಶ್ನೋತ್ತರ, ನೋಟ್ಸ್. ಒಂದು ದಿನ ವ್ಯಾಕರಣ. ಶುಕ್ರವಾರ ಪದ್ಯದ ಕಂಠಪಾಠ ಒಪ್ಪಿಸುವುದು, ಶನಿವಾರ ಬೆಳಗಿನ ಶಾಲೆಯಲ್ಲಿ ಕಿರುಪರೀಕ್ಷೆ. ನಡುನಡುವೆ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ, ಅದರ ಅಂಕ, ಆ ಅಂಕವನ್ನು ಕಂಪ್ಯೂಟರಿಗೆ ಏರಿಸುವ ರಗಳೆ. ಫೆಬ್ರವರಿ ಬಂತೆಂದರೆ ಹಿಂದುಳಿದವರಿಗೆ ‘ಪಾಸಿಂಗ್ ಪ್ಯಾಕೇಜ್’: ಪತ್ರ, ಪ್ರಬಂಧ, ಚಿತ್ರ ನೋಡಿ ಬರೆಯುವುದು, ಪದ್ಯ. ಇಷ್ಟು ಗಟ್ಟಿ ಮಾಡಿಕೊಂಡರೆ ದಡ ಮುಟ್ಟುತ್ತಾರೆ. 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗಿದೆ, ಹಾಗಾಗಿ ನನ್ನ ಹತ್ತನೇ ತರಗತಿಯ ಮಕ್ಕಳು ಹತ್ತು ವರ್ಷ ಇಂಗ್ಲಿಷ್ ಕಲಿತವರು. ಕಾಗದದ ಮೇಲೆ ಅದು ಕಡಿಮೆ ಕಾಲವೇನಲ್ಲ.

ಪುಸ್ತಕ ಕೆಟ್ಟದ್ದಿದೆ ಎಂದು ನಾನು ಹೇಳಲಾರೆ. ಮೊದಲ ಪಾಠವೇ ಆರ್.ಕೆ. ನಾರಾಯಣರ ‘ಎ ಹೀರೋ’. ಅಜ್ಜಿಯ ಮಗ್ಗುಲು ಬಿಟ್ಟು ಒಬ್ಬನೇ ಮಲಗಲು ಹೆದರುವ ಸ್ವಾಮಿ, ಪೇಪರಿನಲ್ಲಿ ಬಂದ ಹುಡುಗನ ಶೌರ್ಯದ ಸುದ್ದಿ ಹಿಡಿದುಕೊಂಡು ಅವನನ್ನು ಕಾಡುವ ಅಪ್ಪ, ಕತ್ತಲಲ್ಲಿ ಭೂತವೆಂದುಕೊಂಡು ಕಳ್ಳನ ಕಾಲು ಕಚ್ಚಿ ಹಿಡಿದು ಮರುದಿನ ಶೂರನಾಗುವುದು. ಇದು ನಮ್ಮ ಮಕ್ಕಳಿಗೆ ಎಷ್ಟು ಅರ್ಥವಾಗುತ್ತದೆಂದರೆ, ಓದು ಅರ್ಧದಲ್ಲಿರುವಾಗಲೇ ಕ್ಲಾಸು ಗದ್ದಲ ಎಬ್ಬಿಸುತ್ತದೆ. ‘ನಮ್ಮಪ್ಪನೂ ಹಿಂಗ ರೀ ಸರ್ರ’ ಎಂದು ಒಬ್ಬ, ‘ಇವ ಇನ್ನೂ ಅವ್ವನ ಬಾಜೂಕ ಮಕ್ಕೋತಾನ್ರಿ’ ಎಂದು ಇನ್ನೊಬ್ಬ. ಆ ಐದು ನಿಮಿಷ ಸಾಹಿತ್ಯದ ಪಾಠ ನಡೆದಿರುತ್ತದೆ, ಪೂರ್ತಿ ಕನ್ನಡದಲ್ಲಿ. ಆಮೇಲೆ ‘ಸ್ವಾಮಿಯ ತಂದೆ ಒಡ್ಡಿದ ಸವಾಲು ಯಾವುದು’ ಎಂಬ ಎರಡು ಅಂಕದ ಪ್ರಶ್ನೆಗೆ ಬೋರ್ಡಿನ ಮೇಲೆ ಉತ್ತರ ಬರೆಯುತ್ತೇನೆ. ಗದ್ದಲ ನಿಲ್ಲುತ್ತದೆ, ಎಲ್ಲರೂ ಇಳಿಸಿಕೊಳ್ಳುತ್ತಾರೆ. ಆ ಉತ್ತರ ಯಾರಿಗೆ? ನನಗೆ ಕಥೆ ಗೊತ್ತಿದೆ. ಪಕ್ಕದವನಿಗೂ ಗೊತ್ತಿದೆ. ಎಲ್ಲೋ ಒಂದು ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಮಾದರಿ ಉತ್ತರದ ಜೊತೆ ತಾಳೆ ನೋಡುವ, ಮುಖ ಕಾಣದ ಒಬ್ಬರಿಗೆ ಅದು. (ನಾರಾಯಣರೂ ಸ್ವಲ್ಪ ದಿನ ಚನ್ನಪಟ್ಟಣದಲ್ಲಿ ಮೇಷ್ಟ್ರಾಗಿದ್ದರು, ಡ್ರಿಲ್ ಮೇಷ್ಟ್ರ ಬದಲಿಗೆ ಹೋಗು ಎಂದದ್ದಕ್ಕೆ ಕೆಲಸ ಬಿಟ್ಟರು. ಬದಲಿ ಪಿರಿಯಡ್ಡಿಗೆ ಹೋಗುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.)

ಶುಕ್ರವಾರದ ಕಂಠಪಾಠಕ್ಕೆ ಷೇಕ್ಸ್‌ಪಿಯರನ ಪೋರ್ಶಿಯಾ ಕರುಣೆಯ ಬಗ್ಗೆ ಹೇಳುವ ಮಾತುಗಳಿವೆ. ಅರ್ಥವಾಗದೆ ಬಾಯಿಪಾಠ ಮಾಡುವುದನ್ನು ನಾನು ತುಚ್ಛವಾಗಿ ಕಾಣುವುದಿಲ್ಲ. ಅರ್ಥ ಆಮೇಲೆ ಬರಲಿ ಎಂದು ಶಬ್ದವನ್ನು ಮೊದಲು ಗಂಟಲಿಗೆ ಇಳಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಮಗ್ಗಿ ಕಲಿತದ್ದು ಹಾಗೆ, ಬಯಲಾಟದ ಪದಗಳು ಉಳಿದು ಬಂದದ್ದು ಹಾಗೆ. ಆದರೆ ಬಯಲಾಟದ ಪದ ಬಾಯಿಪಾಠ ಮಾಡಿದವನು ಒಂದು ರಾತ್ರಿ ಬಣ್ಣ ಹಚ್ಚಿಕೊಂಡು ಜನರೆದುರು ಅದನ್ನು ಹಾಡುತ್ತಾನೆ. ಪೋರ್ಶಿಯಾಳ ಮಾತಿಗೆ ಅಂಥ ರಾತ್ರಿ ಬರುವುದಿಲ್ಲ. ಗಂಡಸಿನ ವೇಷದಲ್ಲಿ ನ್ಯಾಯಾಲಯಕ್ಕೆ ಬಂದ ಹೆಣ್ಣೊಬ್ಬಳು, ಚೂರಿ ಮಸೆಯಬಲ್ಲ ಮನುಷ್ಯನೊಬ್ಬನ ಮುಖ ನೋಡಿ ಆಡಿದ ಮಾತು ಅದು. ನಮ್ಮಲ್ಲಿ ಆ ಮಾತು ಉತ್ತರಪತ್ರಿಕೆಯ ಮೇಲೆ ನಾಲ್ಕು ಅಂಕಕ್ಕೆ ಇಳಿಯುತ್ತದೆ. ಸಾಲು ಬಿಟ್ಟರೆ ಅಂಕ ಕಡಿತ. ಕರುಣೆಯ ಪದ್ಯಕ್ಕೆ ಅಂಕ ಹಾಕುವಾಗ ನಾವು ಯಾರೂ ಕರುಣೆ ತೋರಿಸುವುದಿಲ್ಲ.

ಅದೇ ಪುಸ್ತಕದಲ್ಲಿ ವಿ.ಕೃ. ಗೋಕಾಕರ ‘ದಿ ಸಾಂಗ್ ಆಫ್ ಇಂಡಿಯಾ’ ಇದೆ. ಗೋಕಾಕರು ಹುಟ್ಟಿದ ಸವಣೂರು ನಮ್ಮ ಜಿಲ್ಲೆಯದೇ. ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಒಂದು ಸಣ್ಣ ಸಂಚಲನ ಆಗುತ್ತದೆ: ‘ಸವಣೂರು ಅಂದ್ರ ವೀಳ್ಯದೆಲಿ ಸವಣೂರಾರೀ?’ ಹೌದು, ಅದೇ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಈ ಇಂಗ್ಲಿಷ್ ಪ್ರೊಫೆಸರರೇ, ಮುಂದೆ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಿಗಬೇಕೆಂದು ವರದಿ ಕೊಟ್ಟವರು. 80ರ ದಶಕದ ಆರಂಭದಲ್ಲಿ ಅವರ ಹೆಸರಿನ ಚಳವಳಿಗೆ ರಾಜ್ಯವೇ ಬೀದಿಗಿಳಿಯಿತು. ಎರಡೂ ಒಬ್ಬ ಮನುಷ್ಯನಲ್ಲಿ ಹೇಗೆ ಹೊಂದಿದವು ಎಂದು ಕೆಲವರಿಗೆ ಆಶ್ಚರ್ಯ. ನನಗೆ ಅವರ ಆ ಇಂಗ್ಲಿಷ್ ಪದ್ಯದಲ್ಲೇ ಅದರ ಸುಳುಹು ಕಾಣುತ್ತದೆ. ಅದು ತಾಯಿ ಮಗನ ಸಂವಾದ. ನಿನ್ನ ಬಗ್ಗೆ ಯಾವ ಹಾಡು ಹಾಡಲಿ ಎಂದು ಮಗ ಕೇಳುತ್ತಾನೆ. ಅವನು ಹಿಮಾಲಯ ಹೇಳಿದರೆ ತಾಯಿ ಸುಮ್ಮನೆ ತಲೆದೂಗುವುದಿಲ್ಲ, ಭಿಕ್ಷುಕರ ರೋಗಿಗಳ ಮಾತೆತ್ತಿ ಎದುರಾಡುತ್ತಾಳೆ. ಇಂಗ್ಲಿಷಿನಲ್ಲಿದ್ದರೂ ಅದು ಮನೆಯೊಳಗಿನ ಮಾತು, ಒಬ್ಬರು ಒಬ್ಬರಿಗೆ ಆಡಿದ್ದು. ಗೋಕಾಕರಿಗೆ ಇಂಗ್ಲಿಷಿನಲ್ಲಿ ತಾಯಿಯ ಜೊತೆ ವಾದ ಮಾಡಲು ಬರುತ್ತಿತ್ತು. ಅಂಥವರಿಗೆ ಮಾತ್ರ ಅದನ್ನು ಅದರ ಜಾಗದಲ್ಲಿ ಕೂರಿಸುವ ಧೈರ್ಯ ಇರುತ್ತದೇನೋ.

ನಮ್ಮ ಮಕ್ಕಳು ತಮ್ಮತಮ್ಮಲ್ಲಿ ಇಂಗ್ಲಿಷ್ ಮಾತಾಡುವುದಿಲ್ಲವೆಂದು ತರಬೇತಿಗಳಲ್ಲಿ ಕೊರಗುತ್ತಾರೆ. ‘ಇಂಗ್ಲಿಷ್ ವಾತಾವರಣ ನಿರ್ಮಿಸಿ’ ಅನ್ನುತ್ತಾರೆ. ಆ ಸೂಚನೆಯನ್ನು ನಾವು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಒಪ್ಪಿ, ಚಹಾ ಕುಡಿಯುತ್ತ ಕನ್ನಡದಲ್ಲೇ ಅದನ್ನು ಗೇಲಿ ಮಾಡುತ್ತೇವೆ. ತಾಲ್ಲೂಕು ಸಭೆಯಲ್ಲಿ ಇಬ್ಬರು ಇಂಗ್ಲಿಷ್ ಮೇಷ್ಟ್ರು ಎದುರಾದರೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆಯೇ? ಮಾತಾಡಿದರೆ ಉಳಿದವರು ‘ಶಾಣ್ಯಾ ಆಗ್ಯಾನ’ ಅನ್ನುತ್ತಾರೆ. ಎಲ್ಲರಿಗೂ ಬರುವ ಒಂದು ಭಾಷೆ ಕೈಯಲ್ಲಿರುವಾಗ ಅರ್ಧಂಬರ್ಧ ಬರುವ ಇನ್ನೊಂದರಲ್ಲಿ ಮಾತಾಡುವುದು ಅಸಹಜ. ಹಾಗಾಗಿ ಮಕ್ಕಳ ಮೌನವನ್ನು ನಾನು ದಡ್ಡತನ ಅನ್ನಲಾರೆ, ಅದು ವಿವೇಕ. ಇಂಗ್ಲಿಷ್ ಪಕ್ಕಕ್ಕೆ ಹರಿಯುವುದನ್ನು ನಾನು ಕಣ್ಣಾರೆ ಕಂಡದ್ದು ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ, ತರಬೇತಿಗೆ ಹೋದಾಗ. ಕ್ಲಾಸಿನಲ್ಲಲ್ಲ, ಮೆಸ್ಸಿನಲ್ಲಿ. ನಮಗೆ ತಮಿಳು ಬಾರದು, ಪುದುಚೇರಿಯಿಂದ ಬಂದ ಮೇಷ್ಟ್ರಿಗೆ ಕನ್ನಡ ಬಾರದು. ಇಬ್ಬರಿಗೂ ಸಾರಿನಲ್ಲಿ ಬೆಲ್ಲ ಹೆಚ್ಚಾಗಿದೆಯೋ ಇಲ್ಲವೋ ಎಂದು ಜಗಳವಾಡಬೇಕಿತ್ತು. ಆ ಇಂಗ್ಲಿಷಿನಲ್ಲಿ ವ್ಯಾಕರಣ ಚಿಂದಿಯಾಗಿತ್ತು, ಯಾರೂ ನಾಚಿಕೊಳ್ಳಲಿಲ್ಲ.

ಶಾಲೆಯಲ್ಲೂ ಅಂಥ ಒಂದು ಜಾಗ ಇದೆ. ಬಿಸಿಯೂಟ ಮುಗಿದ ಮೇಲೆ ಹಿಂದಿನ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಒನ್ ಪಿಚ್ ಕ್ಯಾಚ್, ಟ್ರಯಲ್ ಬಾಲ್, ಬೇಬಿ ಓವರ್, ಲಾಸ್ಟ್ ಮ್ಯಾನ್ ಬ್ಯಾಟಿಂಗ್. ಇವು ಯಾವುವೂ ದೊಡ್ಡವರ ಆಟದ ನಿಯಮದ ಪುಸ್ತಕದಲ್ಲಿ ಇಲ್ಲ, ಹುಡುಗರು ಹುಡುಗರೇ ಕಟ್ಟಿಕೊಂಡ ಕಾನೂನು. ‘ನೋ ಬಾಲ್’ ಎಂದು ಒಬ್ಬ ಕೂಗಿದರೆ ಅದು ವರದಿಯಲ್ಲ, ಬೇಡಿಕೆಯೂ ಅಲ್ಲ, ಜಗಳಕ್ಕೆ ಕರೆ. ಡಿಕ್ಟೇಶನ್ನಿನಲ್ಲಿ ಎಂಟು ತಪ್ಪು ಮಾಡುವ ಹುಡುಗ ಅಲ್ಲಿ ನ್ಯಾಯಾಧೀಶ. ಇದನ್ನು ಇಂಗ್ಲಿಷ್ ಮಾತಾಡುವುದು ಎಂದು ಒಪ್ಪಲು ನನ್ನ ಸಹೋದ್ಯೋಗಿಗಳು ತಯಾರಿಲ್ಲ, ಬಿಡಿ ಶಬ್ದಗಳಷ್ಟೇ ಅನ್ನುತ್ತಾರೆ. ಇರಬಹುದು. ಆದರೆ ಸರೀಕನಿಗೆ ಸರೀಕ ಆಡುವ ಶಬ್ದಗಳು ಅವು. ಹುಡುಗಿಯರು ಆ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಕೂತು ನೋಟ್ಸ್ ಪೂರ್ತಿ ಮಾಡುತ್ತಿರುತ್ತಾರೆ. ಅವರ ಪಾಲಿಗೆ ಈ ಇಂಗ್ಲಿಷೂ ಇಲ್ಲ.

ಒಂದು ಸಂಗತಿಯನ್ನು ನಾವು ಕನ್ನಡದವರು ಸುಲಭವಾಗಿ ಮರೆಯುತ್ತೇವೆ. ನನ್ನ ಕ್ಲಾಸಿನಲ್ಲಿ ತಾಂಡಾದಿಂದ ಬರುವ ಮಕ್ಕಳಿದ್ದಾರೆ, ಮನೆಯಲ್ಲಿ ಲಂಬಾಣಿ. ಉರ್ದು ಮನೆಮಾತಿನವರಿದ್ದಾರೆ. ಒಂದನೇ ತರಗತಿಯ ಬಾಗಿಲಲ್ಲಿ ಅವರಿಗೆ ಕನ್ನಡವೇ ಅಪ್ಪಣೆ ಕೇಳುವ ಭಾಷೆಯಾಗಿತ್ತು. ಒಳಗೆ ಬರಲಾ, ನೀರು ಕುಡೀಲಾ, ಒಂದಕ್ಕೆ ಹೋಗಲಾ. ಈಗ ಹತ್ತನೇ ತರಗತಿಯಲ್ಲಿ ಅವರ ಕನ್ನಡ ಕೇಳಿ: ಬೈಗುಳ, ಚಾಡಿ, ಜೋಕು, ಪ್ರೀತಿ ಎಲ್ಲ ಅದರಲ್ಲೇ. ಅಪ್ಪಣೆಯ ಭಾಷೆ ಅಂಗಳದ ಭಾಷೆಯಾಯಿತು. ಅದನ್ನು ಆಗಿಸಿದ್ದು ಯಾವ ಪಠ್ಯವೂ ಅಲ್ಲ. ಪಕ್ಕದಲ್ಲಿ ಕೂತವನಿಗೆ ಆ ಭಾಷೆ ಬರುತ್ತಿತ್ತು, ಅವನ ಹತ್ತಿರ ಇವನಿಗೆ ಕೆಲಸವಿತ್ತು, ಅಷ್ಟೇ. ಇಂಗ್ಲಿಷಿಗೆ ಆ ಪಕ್ಕದವನು ಇಲ್ಲ. ಈ ಕೊರತೆಯನ್ನು ಯಾವ ಬೋಧನಾ ವಿಧಾನವೂ ತುಂಬಿಕೊಡಲಾರದು ಎಂಬುದು ನನ್ನ ಅನುಭವ. ನಗರದ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಪಕ್ಕದವನನ್ನು ದಂಡ ಹಾಕಿ ಹುಟ್ಟಿಸುತ್ತವೆ: ಕನ್ನಡ ಮಾತಾಡಿದರೆ ಇಷ್ಟು ರೂಪಾಯಿ. ಅಲ್ಲಿ ಇಂಗ್ಲಿಷ್ ಅಂಗಳಕ್ಕೆ ಬರುತ್ತದೆ, ಇನ್ನೊಂದು ಅಂಗಳ ಬಿಟ್ಟುಹೋಗುತ್ತದೆ.

ಹಾಗಾದರೆ ಅಪ್ಪಣೆ ಕೇಳದ ಇಂಗ್ಲಿಷ್ ನಮ್ಮಲ್ಲಿ ಹುಟ್ಟಿಯೇ ಇಲ್ಲವೆ? ಹುಟ್ಟಿದೆ. ಪುಸ್ತಕದಲ್ಲಿ ಅಂಬೇಡ್ಕರರ ಮೇಲೊಂದು ಪಾಠವಿದೆ, ಆದರೆ ಆ ದಿನ ನಾನು ಹೇಳುವುದು ಪಾಠದಲ್ಲಿ ಇಲ್ಲದ ಪ್ರಸಂಗ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಎಂಬ ಜಾತಿವಿರೋಧಿ ಸಂಘದವರು 1936ರ ತಮ್ಮ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಅವರನ್ನು ಕರೆದರು. ಭಾಷಣದ ಪ್ರತಿ ಓದಿ ಬೆಚ್ಚಿ ಕೆಲವು ಭಾಗ ತಿದ್ದಲು ಕೇಳಿದರು. ಅವರು ಒಂದು ಅಲ್ಪವಿರಾಮವನ್ನೂ ತಿದ್ದಲಿಲ್ಲ. ಸಮ್ಮೇಳನ ರದ್ದಾಯಿತು, ಭಾಷಣವನ್ನು ತಮ್ಮದೇ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದು ಇಂಗ್ಲಿಷಿನಲ್ಲಿತ್ತು. ಒಳಗೆ ಬರಲೇ ಎಂದು ಕೇಳಿದ ಇಂಗ್ಲಿಷಲ್ಲ ಅದು, ಬಾಗಿಲನ್ನೇ ಪ್ರಶ್ನೆ ಮಾಡಿದ್ದು. ಇದನ್ನು ಕೇಳಿದ ಹುಡುಗನೊಬ್ಬ ‘ನಮ್ಮ ಅಂಬಿಗರ ಚೌಡಯ್ಯನ ಗತೆ’ ಅಂದ. ನಾನು ಹೇಳಿಕೊಟ್ಟದ್ದಲ್ಲ. ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಅವನ ತಾಯಿಯ ತವರಿನ ದಾರಿಯಲ್ಲಿದೆ. ಉಳಿದ ವಚನಕಾರರಲ್ಲಿ ಹೆಚ್ಚಿನವರು ತಮ್ಮ ದೇವರ ಹೆಸರಿನಲ್ಲಿ ವಚನ ಮುಗಿಸಿದರೆ ತುಂಗಭದ್ರೆಯ ಈ ಅಂಬಿಗ ತನ್ನ ಕಸುಬಿನ ಸಮೇತ ತನ್ನದೇ ಹೆಸರಿನಲ್ಲಿ ಮುಗಿಸಿದವನು. ಹುಡುಗನ ಹೋಲಿಕೆ ಎಷ್ಟು ಸರಿ ಎಂದು ಪಂಡಿತರು ನೋಡಿಕೊಳ್ಳಲಿ. ನನಗಂತೂ ಆ ವಾರದ ಪಾಠ ಅಲ್ಲಿಗೆ ಮುಗಿಯಿತು.

ಇನ್ನು ಪತ್ರಲೇಖನ. ರಜೆಯ ಅರ್ಜಿ ನಮ್ಮ ಮಕ್ಕಳಿಗೆ ಕರತಲಾಮಲಕ. ಇಂದ, ಗೆ, ಮಾನ್ಯರೆ, ವಿಷಯ, ಕೊನೆಗೆ ತಮ್ಮ ವಿಧೇಯ. ಕಾರಣ ಎರಡೇ: ಜ್ವರ, ಇಲ್ಲವೆ ಅಕ್ಕನ ಮದುವೆ. ಅಕ್ಕ ಇಲ್ಲದವರಿಗೂ ಅಕ್ಕನ ಮದುವೆ. ನಿಜದಲ್ಲಿ ಜನವರಿಯಿಂದ ಮಾರ್ಚಿನವರೆಗೆ ಮಕ್ಕಳು ಶಾಲೆ ತಪ್ಪಿಸುವುದು ಮೆಣಸಿನಕಾಯಿಗೆ. ಬ್ಯಾಡಗಿ ಪೇಟೆಗೆ ಮಾಲು ಹೋಗುವ ಕಾಲ. ಹೊಲದಲ್ಲಿ ಹಣ್ಣುಗಾಯಿ ಬಿಡಿಸಬೇಕು, ಮನೆಯಲ್ಲಿ ಕೂತು ತುಂಬು, ಅಂದರೆ ತೊಟ್ಟು, ಮುರಿಯಬೇಕು, ಅದಕ್ಕೆ ಕೂಲಿ ಇದೆ. ಇದು ಎಲ್ಲರಿಗೂ ಗೊತ್ತು, ಹಾಜರಿ ಪುಸ್ತಕ ನೋಡಿದರೆ ಸಾಕು. ಅರ್ಜಿಗೆ ಮಾತ್ರ ಗೊತ್ತಿಲ್ಲ. ಹೀಗಾಗಿ ಈ ವರ್ಷ ಒಂದು ದಿನ, ಗೈರುಹಾಜರಾದವರೆಲ್ಲ ನಿಜವಾದ ಕಾರಣ ಬರೆದು ನನಗೇ ಪತ್ರ ಬರೆಯಬೇಕು, ಹೇಗೆ ಬಂದರೆ ಹಾಗೆ, ನಾನು ಕೆಂಪು ಪೆನ್ನು ಮುಟ್ಟುವುದಿಲ್ಲ ಅಂದೆ. ಹೆಚ್ಚಿನವರು ಜ್ವರವನ್ನೇ ಬರೆದರು, ಅಭ್ಯಾಸಬಲ. ಬೇವಿನ ಮರದ ಕೆಳಗೆ ಕೂಡುವ ಹುಡುಗಿಯೊಬ್ಬಳದು ಹೀಗಿತ್ತು:

‘ಸರ್ ಐ ಆ್ಯಮ್ ನಾಟ್ ಕಮ್ ಫೋರ್ ಡೇಸ್. ಐ ಗೋ ಟು ಚಿಲ್ಲಿ ವರ್ಕ್. ಮೈ ಹ್ಯಾಂಡ್ಸ್ ಆರ್ ಬರ್ನಿಂಗ್. ನೈಟ್ ಆಲ್ಸೋ ಬರ್ನಿಂಗ್. ಐ ಪುಟ್ ಕೊಬ್ರಿಎಣ್ಣಿ. ಸ್ಟಿಲ್ ಬರ್ನಿಂಗ್. ಮೈ ಮದರ್ ಹ್ಯಾಂಡ್ಸ್ ನೋ ಬರ್ನಿಂಗ್. ವೈ ಸರ್?’

ಇಷ್ಟೇ. ಮಾನ್ಯರೆ ಇಲ್ಲ, ವಿಧೇಯ ಇಲ್ಲ, ರಜೆ ಮಂಜೂರು ಮಾಡಿ ಎಂಬ ಕೋರಿಕೆಯೂ ಇಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ, ಶಬ್ದಕ್ರಮದ ಹಂಗಿಲ್ಲದ ಪ್ರಶ್ನೆ, ಕೇಳಿದ್ದು ನಿಜವಾಗಿ ನನ್ನನ್ನು. ಅಂಕದ ಲೆಕ್ಕದಲ್ಲಿ ನೋಡಿದರೆ ಐದಕ್ಕೆ ಒಂದು ಕೊಡುವುದೂ ಕಷ್ಟ. ಅವ್ವನ ಕೈಯ ಚರ್ಮ ವರ್ಷಗಟ್ಟಲೆ ಅದೇ ಕೆಲಸ ಮಾಡಿ ದಡ್ಡುಗಟ್ಟಿರಬೇಕು ಎಂದು ಉತ್ತರ ಬರೆದೆ, ನಾಲ್ಕು ಸಾಲು, ಅವಳಿಗೆ ತಿಳಿಯುವಂಥ ಇಂಗ್ಲಿಷಿನಲ್ಲಿ. ಮರುದಿನ ಅವಳು ಅದಕ್ಕೆ ಇನ್ನೊಂದು ಚೀಟಿ ಬರೆದು ತಂದಳು: ಅವ್ವನಿಗೆ ಓದಿ ಹೇಳಿದಳಂತೆ, ಅವ್ವ ನಕ್ಕಳಂತೆ, ‘ನಿಮ್ಮ ಸರ್ರಿಗೆ ಒಂದಿನ ತುಂಬು ಮುರಿಯಾಕ ಬಾ ಅನ್ನು’ ಅಂದಳಂತೆ. ಅದನ್ನೂ ಇಂಗ್ಲಿಷಿನಲ್ಲೇ ಬರೆದಿದ್ದಳು, ತುಂಬು ಮುರಿಯುವುದಕ್ಕೆ ಇಂಗ್ಲಿಷ್ ಸಿಗದೆ ಒಂದು ಸಣ್ಣ ಚಿತ್ರ ಬಿಡಿಸಿದ್ದಳು.

ಹಿರಿಯ ಸಹೋದ್ಯೋಗಿಯೊಬ್ಬರಿಗೆ ಎರಡೂ ಚೀಟಿ ತೋರಿಸಿದೆ. ಓದಿ, ‘ಚಂದ ಐತಿ, ಆದರ ಪರೀಕ್ಷೆಕ್ಕ ಹದಿನೈದು ದಿನ ಉಳದಾವು, ಈಗ ಯಾಕ ಇದು’ ಅಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆ ಹುಡುಗಿಗೆ ಪಾಸಾಗುವುದೇ ಕಷ್ಟ, ಆಗದಿದ್ದರೆ ಮುಂದಿನ ಜನವರಿಯಿಂದ ಅವಳು ನಾಲ್ಕು ದಿನವಲ್ಲ, ಮೂರೂ ತಿಂಗಳು ಮೆಣಸಿನಕಾಯಿಯ ರಾಶಿಯ ಮುಂದೆ. ಅವಳಿಗೂ ಅದು ಗೊತ್ತಿತ್ತು. ಶನಿವಾರ ಪಾಸಿಂಗ್ ಪ್ಯಾಕೇಜಿನ ಹಾಳೆ ಹಂಚುವಾಗ ಅವಳೇ ಕೇಳಿದಳು:

‘ಸರ್ರ, ಪರೀಕ್ಷೆದಾಗ ರಜೆ ಅರ್ಜಿ ಬಂದ್ರ ಯಾವುದು ಬರೀಲಿರೀ?’

‘ಜ್ವರ ಬರಿ’ ಅಂದೆ.